ಕರೆಂಟ್ ಬಂದಾಗ ತಾನೇ ಏಳುವ ಡಬ್ಬಿ



ಹೋದ ಬೇಸಿಗೆಯಲ್ಲಿ ಸಿಂಧನೂರಿನ ಪರಿಚಯದವರೊಬ್ಬರ ಮನೆಗೆ ಹೋಗಿದ್ದೆ. ಅವರದು ಭತ್ತದ ವ್ಯಾಪಾರ. ಮನೆಯ ಮುಂಭಾಗದಲ್ಲೇ ಲೆಕ್ಕಪತ್ರದ ಕೋಣೆ, ಹಿಂದೆ ಗೋದಾಮು. ನಾನು ಅವರನ್ನು ಕಾಕಾ ಎನ್ನುತ್ತೇನೆ, ಅವರಿಗೆ ನಾನು ತಮ್ಮ. ಚಹಾ ಕುಡಿಯುತ್ತಿರುವಾಗ ಕರೆಂಟ್ ಹೋಯಿತು, ಐದು ನಿಮಿಷಕ್ಕೆ ಬಂತು. ಫ್ಯಾನು ತಿರುಗಿತು, ಟೀವಿ ಮಾತಾಡಿತು. ಕಾಕಾ ಮಾತ್ರ ಲೋಟ ಕೆಳಗಿಟ್ಟು ಎದ್ದರು. ಮೆಟ್ಟಿಲಿನ ಕೆಳಗೆ ಬಗ್ಗಿ, ಕತ್ತಲಲ್ಲಿ ಕೈಯಾಡಿಸಿ ಏನನ್ನೋ ಒತ್ತಿದರು. ಗುಂಯ್ ಅಂತ ಸದ್ದು ಶುರುವಾಯಿತು.

"ಏನು ಕಾಕಾ ಅದು?"

"ನನ್ ಮಗ ಬೆಂಗಳೂರಿಂದ ಬಂದಾಗ ಇಟ್ಟು ಹೋಗ್ಯಾನ. ಮನಿ ನೆಟ್ಟಿಗೆ ಕಾವಲುಗಾರ ಅಂತ. ಆದ್ರ ತಮ್ಮಾ, ಕರೆಂಟ್ ಹೋಗಿ ಬಂದಾಗೆಲ್ಲ ಈ ಕಾವಲುಗಾರನ್ನ ನಾನೇ ಎಬ್ಬಿಸಬೇಕು."

ಮೊಬೈಲ್ ಬೆಳಕು ಹಿಡಿದು ನೋಡಿದೆ. ಹತ್ತು ಹನ್ನೆರಡು ವರ್ಷದ ಹಳೆಯ ಡೆಸ್ಕ್‌ಟಾಪ್. ಪಕ್ಕದ ತಗಡು ತೆಗೆದರೆ ಒಳಗೆ ಕಂಬಳಿ ಹಾಸಿದ ಹಾಗೆ ಧೂಳು, ಅದರಲ್ಲಿ ಅರ್ಧ ಭತ್ತದ ಹೊಟ್ಟಿನದು. ಪ್ರೊಸೆಸರಿನ ಫ್ಯಾನಿನ ರೆಕ್ಕೆಗಳಿಗೆ ತೌಡು ಮೆತ್ತಿಕೊಂಡಿತ್ತು. ಹುಡುಗ ಕೆಲಸ ಬಲ್ಲವನೇ, ಅವನು ಹಾಕಿದ ತಂತ್ರಾಂಶದಲ್ಲಿ ತಪ್ಪೇನೂ ಇರಲಿಲ್ಲ. ತಪ್ಪಿದ್ದುದು ಯಂತ್ರವನ್ನು ಆರಿಸಿದ್ದರಲ್ಲಿ. ಬೆಂಗಳೂರಿನ ಲೆಕ್ಕದಲ್ಲಿ ಆರಿಸಿ ಸಿಂಧನೂರಿನಲ್ಲಿ ಇಟ್ಟಿದ್ದ.

ಮನೆಯ ನೆಟ್‌ವರ್ಕಿಗೆ ಫೈರ್‌ವಾಲ್ ಇಡುವುದಾದರೆ ಎಂಥ ಯಂತ್ರ ಇಡಬೇಕು, ಅದೂ ಸಿಂಧನೂರು, ಮಸ್ಕಿ, ಲಿಂಗಸೂಗೂರಿನಂಥ ಊರುಗಳಲ್ಲಿ? ಇವತ್ತಿನ ಮಾತು ಅಷ್ಟೇ.

ಫೈರ್‌ವಾಲ್ ಎಂದರೆ ಹೊರಗಿನ ಇಂಟರ್ನೆಟ್ಟಿಗೂ ಮನೆಯೊಳಗಿನ ಮೊಬೈಲು, ಟೀವಿ, ಕ್ಯಾಮೆರಾ, ಕಂಪ್ಯೂಟರುಗಳಿಗೂ ನಡುವೆ ಕೂತು, ಯಾವುದು ಒಳಗೆ ಬರಬೇಕು, ಯಾವುದು ಹೊರಗೆ ಹೋಗಬೇಕು ಎಂದು ತೀರ್ಮಾನಿಸುವ ಯಂತ್ರ. ಲಿಂಗಸೂಗೂರು ತಾಲ್ಲೂಕಿನವರಿಗೆ ಇದನ್ನು ವಿವರಿಸುವಾಗ ಮುದಗಲ್ ಕೋಟೆ ನಾಲಿಗೆಯ ತುದಿಗೆ ಬಂದುಬಿಡುತ್ತದೆ. ಕಂದಕ, ಹೊರಗೋಡೆ, ಒಳಗೋಡೆ, ದರ್ವಾಜ ಎಲ್ಲ ಸಿದ್ಧವಾಗಿಯೇ ಇವೆ. ನನಗೆ ಮಾತ್ರ ಆ ಹೋಲಿಕೆ ಪೂರ್ತಿ ಒಪ್ಪುವುದಿಲ್ಲ. ಕೋಟೆಯ ಕೆಲಸ ತಡೆಯುವುದು. ಫೈರ್‌ವಾಲಿನ ಕೆಲಸದಲ್ಲಿ ತಡೆಯುವುದಕ್ಕಿಂತ ಬಿಡುವುದೇ ಹೆಚ್ಚು. ನಮ್ಮ ತುಂಗಭದ್ರಾ ಎಡದಂಡೆ ಕಾಲುವೆಯ ತೂಬು ಅದಕ್ಕೆ ಹತ್ತಿರ: ಯಾವ ಹೊಲಕ್ಕೆ, ಎಷ್ಟು, ಯಾವಾಗ. ತೂಬು ಮುರಿದರೆ ಮೇಲಿನವರ ಗದ್ದೆ ಕೆರೆಯಾಗುತ್ತದೆ, ಕೆಳಭಾಗದವರ ಗದ್ದೆ ಬಿರುಕು ಬಿಡುತ್ತದೆ. ಇದನ್ನು ಈ ಸೀಮೆಯವರಿಗೆ ನಾನು ಬಿಡಿಸಿ ಹೇಳಬೇಕಿಲ್ಲ.

ಇಂಥದ್ದೊಂದು ಎಲ್ಲರ ಮನೆಗೂ ಬೇಕೇ? ಬೇಡ. ನೆಟ್ ಕೊಡುವವರು ಗೋಡೆಗೆ ಹೊಡೆದು ಹೋಗುವ ಡಬ್ಬಿಯಲ್ಲೇ ಸಣ್ಣದೊಂದು ಫೈರ್‌ವಾಲ್ ಇರುತ್ತದೆ. ನಾಲ್ಕು ಮೊಬೈಲು, ಒಂದು ಟೀವಿ ಇರುವ ಮನೆಗೆ ಅದು ಸಾಕು. ಅದರ ಕಾರ್ಖಾನೆಯ ಪಾಸ್‌ವರ್ಡ್ ಬದಲಾಯಿಸಿದರೆ ಅರ್ಧ ಕೆಲಸ ಮುಗಿಯಿತು. ಆದರೆ ಮನೆಯಲ್ಲೇ ಅಂಗಡಿಯ ಲೆಕ್ಕವಿದ್ದರೆ, ಗೋದಾಮಿಗೆ ಕ್ಯಾಮೆರಾ ಹಾಕಿಸಿದ್ದರೆ, ಹಟ್ಟಿಯಲ್ಲೋ ಮಸ್ಕಿಯಲ್ಲೋ ಕೂತು ಬೆಂಗಳೂರಿನ ಕಂಪನಿಗೆ ಕೆಲಸ ಮಾಡುವ ಮಗಳಿದ್ದರೆ ಮಾತು ಬೇರೆ. 2020ರ ಲಾಕ್‌ಡೌನಿನ ಮೇಲೆ ಅಂಥ ಮನೆಗಳು ನಮ್ಮ ಕಡೆಯೂ ಕಾಣತೊಡಗಿದವು.

ಕ್ಯಾಮೆರಾದ ಮಾತು ಬಂತಲ್ಲ, 2016ರ ಅಕ್ಟೋಬರ್ 21ರಂದು ಆದದ್ದನ್ನು ಹೇಳಿಬಿಡುತ್ತೇನೆ. ಮಿರಾಯ್ ಎಂಬ ಕುತಂತ್ರಾಂಶ ಜಗತ್ತಿನ ಕ್ಯಾಮೆರಾ, ಡಿವಿಆರ್, ರೌಟರುಗಳ ಬಾಗಿಲು ತಟ್ಟುತ್ತಾ ಹೋಗಿತ್ತು. ಅದರ ಕೈಲಿದ್ದುದು ಅರವತ್ತು ಚಿಲ್ಲರೆ ಕಾರ್ಖಾನೆ ಪಾಸ್‌ವರ್ಡುಗಳ ಪಟ್ಟಿ, ಅಷ್ಟೇ. ತೆರೆದ ಬಾಗಿಲುಗಳನ್ನೆಲ್ಲ ಸೇರಿಸಿ ಆ ದಿನ ಜಾಲತಾಣಗಳ ವಿಳಾಸ ಹುಡುಕಿಕೊಡುವ ಡೈನ್ ಎಂಬ ಅಮೆರಿಕದ ಸಂಸ್ಥೆಯ ಮೇಲೆ ಹರಿಬಿಟ್ಟರು. ಟ್ವಿಟ್ಟರ್, ನೆಟ್‌ಫ್ಲಿಕ್ಸಿನಂಥವು ಎಷ್ಟೋ ಜನರಿಗೆ ಗಂಟೆಗಟ್ಟಲೆ ಸಿಗಲಿಲ್ಲ. ಗೋದಾಮಿನ ಚೀಲ ಕಾಯಲೆಂದು ಹಾಕಿದ ಕ್ಯಾಮೆರಾವೇ ಕಳ್ಳರ ಕೂಲಿಯಾಳು ಆಗುವುದು ಹೀಗೆ. ಮುಂದಿನ ವರ್ಷ, 2017ರ ಫೆಬ್ರವರಿಯಲ್ಲಿ, ನಮ್ಮ ಕೇಂದ್ರ ಸರ್ಕಾರವೂ ಇಂಥ ಸೋಂಕು ತೊಳೆಯಲು ಸೈಬರ್ ಸ್ವಚ್ಛತಾ ಕೇಂದ್ರ ತೆರೆಯಿತು.

ಜೊತೆಗೆ ಇದನ್ನೂ ಹೇಳಬೇಕು. ಫೋನಿನಲ್ಲಿ ಯಾರೋ ಕೇಳಿದರೆಂದು ನೀವೇ ಓಟಿಪಿ ಹೇಳಿದರೆ ಯಾವ ಫೈರ್‌ವಾಲೂ ಕಾಯಲಾರದು. ಅದಕ್ಕೆ ಇರುವುದು 1930 ಎಂಬ ಸಹಾಯವಾಣಿ, ಅದೂ ತಡಮಾಡದೆ ಹಚ್ಚಿದರೆ.

ಇನ್ನು ಯಂತ್ರಕ್ಕೆ ಬರೋಣ. ಎಲ್ಲರಿಗೂ ಮೊದಲು ಹೊಳೆಯುವುದು ಕಾಕಾನ ಮಗನಿಗೆ ಹೊಳೆದದ್ದೇ: ಅಟ್ಟದ ಮೇಲೆ ಹಳೆಯ ಕಂಪ್ಯೂಟರ್ ಬಿದ್ದಿದೆ, ಪಿಎಫ್‌ಸೆನ್ಸೋ ಓಪಿಎನ್‌ಸೆನ್ಸೋ ಎಂಬ ಫೈರ್‌ವಾಲ್ ತಂತ್ರಾಂಶ ಪುಕ್ಕಟೆ ಸಿಗುತ್ತದೆ, ಹಾಕಿಬಿಟ್ಟರಾಯಿತು. ತಪ್ಪು ಆಲೋಚನೆಯೇನಲ್ಲ, ನಾನೂ ಕಲಿತದ್ದು ಹಾಗೆಯೇ. ಆದರೆ ಪುಕ್ಕಟೆ ಯಂತ್ರದ ಬೆಲೆ ಕರೆಂಟ್ ಬಿಲ್ಲಿನಲ್ಲಿ ಬರುತ್ತದೆ. ಹಳೆಯ ಡೆಸ್ಕ್‌ಟಾಪ್ ಏನೂ ಮಾಡದೆ ಕೂತಾಗಲೂ ಅರವತ್ತು ವ್ಯಾಟ್ ಆಸುಪಾಸು ಎಳೆಯುತ್ತದೆ. ಫೈರ್‌ವಾಲಿಗೆ ರಜೆಯಿಲ್ಲ, ಇಪ್ಪತ್ನಾಲ್ಕು ಗಂಟೆಯೂ ಓಡಬೇಕು. ತಿಂಗಳಿಗೆ 43 ಯೂನಿಟ್ ಆಯಿತು.

ಗೃಹಜ್ಯೋತಿ ಬಂದ ಮೇಲೆ ಈ 43ಕ್ಕೆ ಬೇರೆಯೇ ತೂಕ ಬಂದಿದೆ. 2023ರಲ್ಲಿ ಯೋಜನೆ ಶುರುವಾದಾಗ ಇಟ್ಟ ಲೆಕ್ಕ ನಿಮಗೆ ಗೊತ್ತು: ಅದರ ಹಿಂದಿನ ಹಣಕಾಸು ವರ್ಷದ ನಿಮ್ಮ ಸರಾಸರಿ, ಅದರ ಮೇಲೆ ನೂರಕ್ಕೆ ಹತ್ತು. ಅಷ್ಟರವರೆಗೆ ಉಚಿತ, ಅದನ್ನು ಮೀರಿದ್ದಕ್ಕೆ ದುಡ್ಡು, ಇನ್ನೂರು ದಾಟಿದರೆ ಪೂರ್ತಿ ಬಿಲ್ಲು. ಸರಾಸರಿ 120 ಯೂನಿಟ್ ಇದ್ದ ಮನೆಗೆ 132 ಉಚಿತ. ಮೆಟ್ಟಿಲ ಕೆಳಗಿನ ಕಾವಲುಗಾರ ಬಂದು ಅದನ್ನು 163ಕ್ಕೆ ಏರಿಸಿದರೆ 31 ಯೂನಿಟ್ಟಿಗೆ ಕೈಯಿಂದ ಕಟ್ಟಬೇಕು. ಸರಾಸರಿ 170 ಇದ್ದ ಮನೆಯಾದರೆ ಇನ್ನೂರರ ಗೆರೆಯೇ ದಾಟಿಹೋಗುತ್ತದೆ. ಅದೇ ಕೆಲಸವನ್ನು ಹತ್ತು ವ್ಯಾಟಿನ ಸಣ್ಣ ಡಬ್ಬಿ ಮಾಡಿದರೆ ತಿಂಗಳಿಗೆ ಏಳು ಯೂನಿಟ್ ಚಿಲ್ಲರೆ. ಪ್ರೊಸೆಸರಿನ ವೇಗ ಕೇಳುವ ಮೊದಲು ಈ ಗುಣಾಕಾರ ಮಾಡಿ ಎಂದು ನಾನು ಎಲ್ಲರಿಗೂ ಹೇಳುತ್ತೇನೆ.

ಈಗ ಕಾಕಾ ಯಾಕೆ ಬಗ್ಗಿ ಗುಂಡಿ ಒತ್ತಬೇಕಿತ್ತು, ನೋಡಿ. ಕಂಪ್ಯೂಟರಿನ ಬಯೋಸ್ ಎಂಬ ಮೂಲ ವ್ಯವಸ್ಥೆಯಲ್ಲಿ ಒಂದು ಆಯ್ಕೆ ಇರುತ್ತದೆ: ಕರೆಂಟ್ ಹೋಗಿ ಬಂದರೆ ಯಂತ್ರ ಆರಿಯೇ ಇರಬೇಕೋ, ತಾನಾಗಿ ಏಳಬೇಕೋ. ಹುಡುಗ ಅದನ್ನು ಸರಿಯಾಗಿಯೇ ಇಟ್ಟು ಹೋಗಿದ್ದ. ಆದರೆ ಮದರ್‌ಬೋರ್ಡಿನ ಮೇಲೆ ನಾಣ್ಯದ ಗಾತ್ರದ ಸೆಲ್ಲೊಂದು ಇರುತ್ತದೆ, ಸಿಆರ್2032 ಅಂತ. ಕರೆಂಟ್ ಇಲ್ಲದಾಗ ಬಯೋಸಿನ ನೆನಪನ್ನೂ ಗಡಿಯಾರವನ್ನೂ ಹಿಡಿದಿಡುವುದು ಅದೇ. ಹಳೆಯ ಬೋರ್ಡಿನಲ್ಲಿ ಅದು ಸತ್ತಿತ್ತು. ಕರೆಂಟ್ ಹೋದಾಗಲೆಲ್ಲ ಯಂತ್ರ ಹುಡುಗ ಹೇಳಿದ್ದನ್ನು ಮರೆತು, ಹುಟ್ಟುಗುಣಕ್ಕೆ ಮರಳಿ ಸುಮ್ಮನೆ ಮಲಗುತ್ತಿತ್ತು. ಕಾಕಾ ಎಬ್ಬಿಸಿದ ಮೇಲೂ ಅದರ ಗಡಿಯಾರ ಎಷ್ಟೋ ವರ್ಷ ಹಿಂದಿನ ತಾರೀಖು ತೋರಿಸುತ್ತಿತ್ತು. ತಾರೀಖು ತಪ್ಪಿದರೆ ಸುರಕ್ಷಿತ ಜಾಲತಾಣಗಳ ಪ್ರಮಾಣಪತ್ರ ಫೈರ್‌ವಾಲಿಗೆ ಸುಳ್ಳಾಗಿ ಕಾಣುತ್ತದೆ, ಅದು ಹೊಸ ಅಪ್‌ಡೇಟ್ ಇಳಿಸಿಕೊಳ್ಳಲು ಒಪ್ಪುವುದಿಲ್ಲ. ಒಂದು ಸೆಲ್ಲು ಸತ್ತದ್ದಕ್ಕೆ ಕಾವಲುಗಾರನಿಗೆ ದಿನವೇ ಮರೆತುಹೋಗಿತ್ತು. ಕೈಗಡಿಯಾರದ ಅಂಗಡಿಯಲ್ಲಿ ಸೆಲ್ಲು ತಂದು ಹಾಕಿದೆವು, ಆವತ್ತಿನ ಮಟ್ಟಿಗೆ ಸರಿಹೋಯಿತು.

ಹೊಸದು ಕೊಳ್ಳುವುದಾದರೆ? ಮೊದಲು ಬೆನ್ನು ತಿರುಗಿಸಿ ನೋಡಿ: ನೆಟ್‌ವರ್ಕ್ ಕೇಬಲ್ ಸಿಕ್ಕಿಸುವ ಕಿಂಡಿ ಎರಡಾದರೂ ಇರಬೇಕು. ಒಂದು ಹೊರಗಿನ ನೆಟ್ಟಿಗೆ, ಇನ್ನೊಂದು ಮನೆಗೆ. ಇಲ್ಲಿ ಮಾತ್ರ ಕೋಟೆಯ ಹೋಲಿಕೆ ಸರಿ, ಬಂದವರು ದರ್ವಾಜದ ಮೂಲಕವೇ ಹಾಯಬೇಕು. ರಾಸ್ಪ್‌ಬೆರಿ ಪೈನಲ್ಲಿ ಮಾಡಬಹುದಲ್ಲ ಎಂದು ಕಾಲೇಜಿನ ಹುಡುಗರು ಕೇಳುತ್ತಾರೆ. ಅದಕ್ಕಿರುವುದು ಒಂದೇ ಕಿಂಡಿ. ಎರಡನೆಯದನ್ನು ಯುಎಸ್‌ಬಿಗೆ ಸಿಕ್ಕಿಸಿ ಮಾಡಿಕೊಳ್ಳಬಹುದು, ಆದರೆ ಬಿಸಿಲಿಗೆ ಕಾದ ಆ ತುಂಡು ನಡುವೆ ಮಾಯವಾಗುವುದನ್ನು ನಾನು ಕಣ್ಣಾರೆ ಕಂಡಿದ್ದೇನೆ. ಕಲಿಯಲು ಒಳ್ಳೆಯದು, ಕಾಯಲು ಬೇಡ.

ಕಿಂಡಿಯ ಹಿಂದಿನ ಚಿಪ್ಪು ಯಾರದು ಎಂಬುದೂ ಮುಖ್ಯ. ನಾನು ಹೇಳಿದ ಎರಡು ತಂತ್ರಾಂಶಗಳೂ ಫ್ರೀಬಿಎಸ್‌ಡಿ ಎಂಬ ವ್ಯವಸ್ಥೆಯ ಮೇಲೆ ನಿಂತಿವೆ. ಅದಕ್ಕೂ ಇಂಟೆಲ್ ಚಿಪ್ಪಿಗೂ ಹಳೆಯ ಗೆಳೆತನ, ರಿಯಲ್‌ಟೆಕ್ ಜೊತೆ ಆಗಾಗ ಮುನಿಸು. ಇಂಟೆಲ್ ಎಂದ ಮಾತ್ರಕ್ಕೆ ಕಣ್ಣು ಮುಚ್ಚಬೇಡಿ, ಐ225 ಎಂಬ ಅವರ ಚಿಪ್ಪಿನ ಮೊದಲ ಆವೃತ್ತಿಗಳಲ್ಲೂ ದೋಷವಿತ್ತು. ಈಗ ಬರುವ ಐ226 ಇದ್ದರೆ ತೆಗೆದುಕೊಳ್ಳಿ.

ಪ್ರೊಸೆಸರಿನ ಬಗ್ಗೆ ಜನ ಕೇಳುವುದು ಜಾಸ್ತಿ, ಹೇಳುವುದು ಕಡಿಮೆಯೇ ಇದೆ. ನೂರು ಇನ್ನೂರು ಎಂಬಿಪಿಎಸ್ ನೆಟ್ಟಿಗೆ ಹಳೆಯ ನಾಲ್ಕು ಕೋರಿನ ಪ್ರೊಸೆಸರೂ ಸಾಕು. 2023ರಲ್ಲಿ ಬಂದ ಇಂಟೆಲ್ ಎನ್100 ಈಗ ಸಣ್ಣ ಡಬ್ಬಿಗಳಲ್ಲೆಲ್ಲ ಕಾಣುತ್ತದೆ. ನಾಲ್ಕು ಕೋರು, ಆರು ವ್ಯಾಟಿನ ಚಿಪ್ಪು, ಮನೆಗೆ ಬೇಕಾದದ್ದಕ್ಕಿಂತ ಹೆಚ್ಚೇ. ಎಇಎಸ್ ಗೂಢಲಿಪೀಕರಣದ ಸೌಲಭ್ಯ ಪ್ರೊಸೆಸರಿನಲ್ಲೇ ಇರಲಿ, ವಿಪಿಎನ್ ಬಳಸುವವರಿಗೆ ಅದು ಬೇಕು. 32 ಬಿಟ್‌ನ ಹಳೆಯ ಕಂಪ್ಯೂಟರುಗಳನ್ನು ಮರೆತುಬಿಡಿ, ಪಿಎಫ್‌ಸೆನ್ಸ್ 2017ರಲ್ಲೇ ಅವುಗಳ ಕೈಬಿಟ್ಟಿದೆ. ರ‍್ಯಾಮ್ ನಾಲ್ಕು ಜಿಬಿ ನಡೆಯುತ್ತದೆ, ಎಂಟು ಇದ್ದರೆ ನಿಶ್ಚಿಂತೆ.

ಹದಿನಾರು, ಮೂವತ್ತೆರಡು ಜಿಬಿ ಹಾಕಿಸಿ, ಒಳನುಸುಳುವಿಕೆಯನ್ನು ಪತ್ತೆ ಮಾಡುವ ತಂತ್ರಾಂಶವನ್ನೂ ಓಡಿಸಿ ಎಂದು ಮಾರುವವರು ಹುರಿದುಂಬಿಸುತ್ತಾರೆ. ನಾನು ಮನೆಗೆ ಅದನ್ನು ಹೇಳುವುದಿಲ್ಲ. ಇವತ್ತು ನೆಟ್ಟಿನಲ್ಲಿ ಹರಿಯುವುದೆಲ್ಲ ಬಹುಪಾಲು ಗೂಢಲಿಪಿಯ ಲಕೋಟೆಯೊಳಗೆ ಮುಚ್ಚಿಯೇ ಹರಿಯುತ್ತದೆ. ಲಕೋಟೆಯ ಮೇಲಿನ ವಿಳಾಸ ಓದಲು ದೊಡ್ಡ ಪಂಡಿತ ಬೇಡ.

ಡಿಸ್ಕಿನ ವಿಷಯದಲ್ಲಿ ಜುಗ್ಗತನ ಬೇಡ. ಬೋರ್ಡಿಗೇ ಬೆಸೆದ ಇಎಂಎಂಸಿ ನೆನಪು ಅಗ್ಗ, ಆದರೆ ಫೈರ್‌ವಾಲ್ ದಿನವಿಡೀ ಲಾಗ್ ಬರೆಯುತ್ತಲೇ ಇರುತ್ತದೆ, ಬರೆದು ಬರೆದು ಅದು ಸವೆಯುತ್ತದೆ. ಸವೆದರೆ ಬೋರ್ಡೇ ಹೋಯಿತು. ಬಿಚ್ಚಿ ಬದಲಾಯಿಸಬಹುದಾದ ಸಣ್ಣ ಎಸ್‌ಎಸ್‌ಡಿ ಇರಲಿ. ಅದರ ಮೇಲೆ ತಂತ್ರಾಂಶ ಹಾಕುವಾಗ ಕಡತ ವ್ಯವಸ್ಥೆ ಕೇಳಿದರೆ ಝಡ್‌ಎಫ್‌ಎಸ್ ಆರಿಸಿ. ಬರೆಯುತ್ತಿರುವಾಗಲೇ ಕರೆಂಟ್ ಹೋದರೂ ಅದು ಲೆಕ್ಕ ತಪ್ಪುವುದು ಕಡಿಮೆ. ದಿನಕ್ಕೆ ಎಷ್ಟು ಸಲ ಹೋಗುತ್ತದೆ ಎಂದು ನಿಮಗೇ ಗೊತ್ತು.

ಇನ್ನು ಬಿಸಿಲು. ಏಪ್ರಿಲ್, ಮೇನಲ್ಲಿ ನಮ್ಮ ಜಿಲ್ಲೆ ನಲವತ್ತು ಡಿಗ್ರಿ ದಾಟುವುದು ಸುದ್ದಿಯೇ ಅಲ್ಲ. ಆ ಕಾಲದಲ್ಲಿ ಅಕ್ಕಿ ಗಿರಣಿಯ ಓಣಿಯಲ್ಲಿ ಫ್ಯಾನ್ ಇರುವ ಯಂತ್ರ ಇಟ್ಟರೆ ಅದು ಗಾಳಿಯ ಜೊತೆ ಹೊಟ್ಟನ್ನೂ ಎಳೆದುಕೊಳ್ಳುತ್ತದೆ. ಆದ್ದರಿಂದ ಫ್ಯಾನ್ ಇಲ್ಲದ, ಮೈಯೆಲ್ಲ ಅಲ್ಯೂಮಿನಿಯಂ ಗೆರೆಗಳಿರುವ ಡಬ್ಬಿಯೇ ಲೇಸು. ಆದರೆ ಅದರ ಮೈಯೇ ಅದರ ಫ್ಯಾನು ಎಂಬುದು ನೆನಪಿರಲಿ. ಮಸ್ಕಿಯ ಮೇಷ್ಟರೊಬ್ಬರು ಅಂಥ ಒಳ್ಳೆಯ ಡಬ್ಬಿ ತಂದು, ಚೆಂದ ಕಾಣಲಿ ಎಂದು ಶೋಕೇಸಿನ ಗಾಜಿನ ಬಾಗಿಲ ಹಿಂದೆ, ಮಗಳ ಬಹುಮಾನದ ಕಪ್ಪುಗಳ ಸಾಲಿನಲ್ಲಿ ಇಟ್ಟಿದ್ದರು. ಮಧ್ಯಾಹ್ನ ಮೂರಾದರೆ ನೆಟ್ ನಿಲ್ಲುತ್ತಿತ್ತು, ಸಂಜೆಗೆ ತಾನೇ ಬರುತ್ತಿತ್ತು. ಕಂಪನಿಯವರನ್ನು ಬೈದದ್ದೇ ಬೈದದ್ದು. ನಾನು ಹೋಗಿ ಡಬ್ಬಿ ಮುಟ್ಟಿದೆ, ಹಂಚಿನಿಂದ ಆಗಷ್ಟೇ ಇಳಿಸಿದ ರೊಟ್ಟಿಯ ಹಾಗಿತ್ತು. ಹೊರತೆಗೆದು ಉತ್ತರದ ಗೋಡೆಗೆ, ಎದೆಮಟ್ಟದಲ್ಲಿ, ಎರಡು ಮೊಳೆಗೆ ತೂಗುಹಾಕಿದೆವು. ರೋಗ ಹೋಯಿತು.

ಆವತ್ತು ಮೇಷ್ಟರ ಮನೆಯಲ್ಲಿ ಇನ್ನೊಂದು ತಮಾಷೆ. ಮನೆಯ ನೆಟ್ಟಿಗೆ ಯಾರು ಯಾರು ಅಂಟಿಕೊಂಡಿದ್ದಾರೆ ಎಂಬ ಪಟ್ಟಿ ಫೈರ್‌ವಾಲ್ ತೋರಿಸುತ್ತದೆ. ಹದಿನೇಳು ಇದ್ದವು, ಅರ್ಧಕ್ಕೆ ಹೆಸರೇ ಇಲ್ಲ, ಬರೀ ಅಂಕಿ ಅಕ್ಷರ. ಮೇಷ್ಟರು ಇತಿಹಾಸದವರು. "ನೋಡ್ರಿ, ದೇಶದಾಗೆಲ್ಲ ದೇವಾನಾಂಪ್ರಿಯ ಅಂತ ಬಿರುದು ಅಷ್ಟ ಇತ್ತು, ಅದು ಅಶೋಕಂದು ಅಂತ ಮೊದಲು ಹೆಸರು ಹಿಡದು ಹೇಳಿದ್ದು ನಮ್ಮೂರಿನ ಬಂಡೆ" ಎಂದರು. ನಿಜ, 1915ರಲ್ಲಿ ಚಿನ್ನ ಹುಡುಕುತ್ತ ಬಂದ ಬೀಡನ್ ಎಂಬ ಎಂಜಿನಿಯರ್ ಮಸ್ಕಿಯ ಆ ಶಾಸನವನ್ನು ಕಂಡದ್ದು. ನಾವು ಒಂದೊಂದೇ ಸಾಧನ ಆರಿಸಿ, ಯಾವುದು ಯಾವುದೆಂದು ಗುರುತಿಸಿ, ಹೆಸರು ಬರೆಯುತ್ತ ಹೋದೆವು. ಹದಿನಾರು ಮುಗಿದವು. ಹದಿನೇಳನೆಯದು ಪಕ್ಕದ ಮನೆಯ ಹುಡುಗನ ಮೊಬೈಲು.

ಕರೆಂಟಿನ ಮಾತು ಇನ್ನೂ ಉಳಿದಿದೆ. ಮನೆಯ ಇನ್ವರ್ಟರಿಗೆ ಹಚ್ಚಿದರೆ ಸಾಕಲ್ಲ ಎಂದರೆ, ಸಾಕು, ಆದರೆ ಲೈನಿನಿಂದ ಬ್ಯಾಟರಿಗೆ ಹೊರಳುವ ಆ ಕ್ಷಣಾರ್ಧದ ಬಿಡುವಿನಲ್ಲಿ ಕೆಲವು ಡಬ್ಬಿಗಳು ಸತ್ತು ಹುಟ್ಟುತ್ತವೆ. ಇನ್ವರ್ಟರಿನಲ್ಲಿ ಯುಪಿಎಸ್ ಎಂಬ ಗುಂಡಿ ಇದ್ದರೆ ಅದನ್ನು ಆ ಕಡೆಗೆ ಇಡಿ. ರೌಟರಿಗೆಂದು ಮಾರುವ ಪುಟ್ಟ ಹನ್ನೆರಡು ವೋಲ್ಟಿನ ಯುಪಿಎಸ್ ಕೊಳ್ಳುವುದಾದರೆ ಎಷ್ಟು ಆಂಪಿಯರ್ ಎಂದು ಕೇಳಿ. ಫೈಬರ್ ಡಬ್ಬಿಯನ್ನು ಹೊರುವ ಎಲ್ಲವೂ ಫೈರ್‌ವಾಲ್ ಡಬ್ಬಿಯನ್ನು ಹೊರಲಾರವು. ಎರಡಕ್ಕೂ ಬ್ಯಾಕಪ್ ಇರಬೇಕು, ಒಂದು ಎದ್ದು ಒಂದು ಮಲಗಿದರೆ ನೆಟ್ ಬಾರದು.

ಸಿಡಿಲಿನದು ಲಿಂಗಸೂಗೂರಿನ ಕಥೆ. ಅಲ್ಲಿ ಒಬ್ಬರು ಮನೆಗೂ ರಸ್ತೆಯಾಚೆಯ ಅಂಗಡಿಗೂ ನಡುವೆ ತಾಮ್ರದ ನೆಟ್‌ವರ್ಕ್ ಕೇಬಲನ್ನು ಕಂಬದಿಂದ ಕಂಬಕ್ಕೆ ಎಳೆದಿದ್ದರು. ಮುಂಗಾರಿಗೆ ಮುಂಚಿನ ಒಂದು ಸಂಜೆ, ಸಿಡಿಲು ಮನೆಯ ಮೇಲೆ ಬೀಳಲೇ ಇಲ್ಲ, ಎಲ್ಲೋ ಹತ್ತಿರ ಬಿತ್ತು. ಆ ತಂತಿಯ ಎರಡೂ ತುದಿಯ ಕಿಂಡಿಗಳು ಸುಟ್ಟವು. ಡಬ್ಬಿಯ ಮಿಕ್ಕ ಕಿಂಡಿಗಳು ಬದುಕಿದ್ದವು, ಆದರೆ ಮತ್ತೆ ನಂಬಿಕೆ ಬರಲಿಲ್ಲ. ಕಟ್ಟಡದಿಂದ ಕಟ್ಟಡಕ್ಕೆ ಹೋಗುವುದಾದರೆ ಫೈಬರ್ ಎಳೆಸಿ. ಗಾಜಿನ ಎಳೆಯಲ್ಲಿ ಬೆಳಕು ಹೋಗುತ್ತದೆ, ಕರೆಂಟ್ ಹೋಗುವುದಿಲ್ಲ. ಈಗ ಅದನ್ನು ಬೆಸೆದುಕೊಡುವ ಹುಡುಗರು ನಮ್ಮ ಊರುಗಳಲ್ಲೇ ಇದ್ದಾರೆ. ಅರ್ಥಿಂಗ್ ಗುಂಡಿಗೆ ಬೇಸಿಗೆಯಲ್ಲಿ ನಾಲ್ಕು ಕೊಡ ನೀರು ಹಾಕುವುದನ್ನೂ ಮರೆಯಬೇಡಿ. ಎರೆಮಣ್ಣು ಒಣಗಿ ಬಾಯಿ ಬಿಟ್ಟರೆ ಅರ್ಥಿಂಗ್ ಇದ್ದೂ ಇಲ್ಲದ ಹಾಗೆ.

ಇಂಥ ಡಬ್ಬಿಯಲ್ಲಿ ಕೆಡುವುದು ಪ್ರೊಸೆಸರಲ್ಲ ಎಂಬುದೂ ಗಮನದಲ್ಲಿರಲಿ. 2024ರ ಆಗಸ್ಟ್‌ನಲ್ಲಿ ನಮ್ಮ ತುಂಗಭದ್ರಾ ಅಣೆಕಟ್ಟೆಯಲ್ಲಿ ಆದದ್ದು ಯಾರಿಗೆ ಮರೆತಿದೆ? ಕಟ್ಟೆ ಗಟ್ಟಿಯಾಗಿಯೇ ಇತ್ತು, ಹರಿದದ್ದು ಹತ್ತೊಂಬತ್ತನೇ ಗೇಟಿನ ಚೈನು. ಸ್ಟಾಪ್‌ಲಾಗ್ ಎಂಬ ತಾತ್ಕಾಲಿಕ ಗೇಟು ಮಾಡಿಸಿ ಇಳಿಸುವ ಹೊತ್ತಿಗೆ ವಾರವಾಗಿತ್ತು, ನೀರು ಹರಿದು ಹೋಗಿತ್ತು. ಡಬ್ಬಿಯಲ್ಲೂ ಹಾಗೆಯೇ: ಮೊದಲು ಹೋಗುವುದು ಅಡಾಪ್ಟರು, ಆಮೇಲೆ ಡಿಸ್ಕು. ಇನ್ನೊಂದು ಅಡಾಪ್ಟರನ್ನು ಕೊಂಡ ದಿನವೇ ತಂದಿಡಿ. ಫೈರ್‌ವಾಲಿನ ಸಂರಚನೆಯ ಕಡತವನ್ನು ಪೆನ್‌ಡ್ರೈವಿಗೆ ಇಳಿಸಿ ಬೀರುವಿನಲ್ಲಿಡಿ. ಹೆಸರು ಕೇಳದ ವಿದೇಶಿ ಡಬ್ಬಿ ಆನ್‌ಲೈನಿನಲ್ಲಿ ಅಗ್ಗಕ್ಕೆ ಸಿಗುತ್ತದೆ, ನಾನೂ ತರಿಸಿದ್ದೇನೆ. ಅದಕ್ಕೆ ಬಯೋಸ್ ಅಪ್‌ಡೇಟ್ ಬರುವ ಖಾತ್ರಿಯಿಲ್ಲ, ವಾರಂಟಿ ಕಾಗದದ ಮೇಲಷ್ಟೇ. ಬೆಂಗಳೂರಿನ ಎಸ್.ಪಿ. ರಸ್ತೆಗೆ ಹೋಗುವವರಿದ್ದರೆ, ಕಚೇರಿಗಳು ಮಾರಿದ ಥಿನ್ ಕ್ಲೈಂಟ್ ಎಂಬ ಸಣ್ಣ ಕಂಪ್ಯೂಟರುಗಳಲ್ಲಿ ಕಾರ್ಡು ಸೇರಿಸುವ ಜಾಗ ಇರುವುದನ್ನು ನೋಡಿ, ಎರಡು ಕಿಂಡಿಯ ಹಳೆಯ ಇಂಟೆಲ್ ಕಾರ್ಡ್ ಹಾಕಿಸಬಹುದು. ಹಳೆಯ ಲ್ಯಾಪ್‌ಟಾಪ್ ಆಸೆ ಹುಟ್ಟಿಸುತ್ತದೆ, ಬ್ಯಾಟರಿ ಅದರಲ್ಲೇ ಇದೆಯಲ್ಲ ಅಂತ. ಆದರೆ ನಮ್ಮ ಬಿಸಿಲಿಗೆ, ಸದಾ ಚಾರ್ಜಿನಲ್ಲಿದ್ದ ಬ್ಯಾಟರಿ ಪೂರಿಯ ಹಾಗೆ ಉಬ್ಬುತ್ತದೆ. ಬೆಂಕಿಯ ಭಯ, ಬೇಡ.

ಇಷ್ಟೆಲ್ಲ ಯಾರಿಗೆ ಬೇಕು ಎನ್ನುವವರಿಗೆ ನನ್ನ ಉತ್ತರ ಸಣ್ಣದು. ಓಪನ್‌ಡಬ್ಲ್ಯುಆರ್‌ಟಿ ಎಂಬ ತಂತ್ರಾಂಶ ಒಪ್ಪುವ ಒಂದು ರೌಟರನ್ನು, ಅವರ ಪಟ್ಟಿಯಲ್ಲಿ ಮಾದರಿಯ ಸಂಖ್ಯೆ ನೋಡಿಕೊಂಡು ಕೊಳ್ಳಿ. ಡಿಸ್ಕಿಲ್ಲ, ಫ್ಯಾನಿಲ್ಲ, ಬೇಕಾದಷ್ಟು ಕಿಂಡಿಗಳಿವೆ, ಕರೆಂಟ್ ಬಂದೊಡನೆ ಏಳುತ್ತದೆ. ಕ್ಯಾಮೆರಾಗಳನ್ನು ಒಂದು ಕಾಲುವೆಗೆ, ಲೆಕ್ಕದ ಕಂಪ್ಯೂಟರನ್ನು ಇನ್ನೊಂದಕ್ಕೆ ಬಿಡಲು ಅದರಲ್ಲೂ ಬರುತ್ತದೆ. ಅಂಗಡಿ, ವಿಪಿಎನ್, ಹತ್ತಾರು ಕ್ಯಾಮೆರಾ ಎಲ್ಲ ಇದ್ದವರು ಮಾತ್ರ ಎನ್100 ಡಬ್ಬಿಯ ಕಡೆ ನೋಡಿದರಾಯಿತು.

ಕಾಕಾನದು ಎರಡನೆಯ ಬಗೆಯ ಮನೆ. ಮಗನಿಗೆ ಫೋನ್ ಹಚ್ಚಿ ಮಾತಾಡಿದೆ. ಜೂನಿನಲ್ಲಿ ಅವನು ಬರುವಾಗ ನಾಲ್ಕು ಕಿಂಡಿಯ, ಫ್ಯಾನ್ ಇಲ್ಲದ, ಅಂಗೈಗಿಂತ ಸ್ವಲ್ಪ ದೊಡ್ಡ ಡಬ್ಬಿ ತಂದ. ಇಬ್ಬರೂ ಕೂತು, ಮೊದಲ ಕೆಲಸವೆಂದು ಬಯೋಸಿನ ಆ ಆಯ್ಕೆ ಬದಲಾಯಿಸಿ, ನಾಲ್ಕು ಸಲ ಪ್ಲಗ್ ಕಿತ್ತು ಹಾಕಿ ನೋಡಿದೆವು. ನಾಲ್ಕು ಸಲವೂ ಎದ್ದಿತು. ಲೆಕ್ಕದ ಕೋಣೆಯ ಗೋಡೆಗೆ, ಪಂಚಾಂಗದ ಪಕ್ಕ, ನೇತುಹಾಕಿದೆವು. ಮೆಟ್ಟಿಲ ಕೆಳಗಿನ ಡೆಸ್ಕ್‌ಟಾಪನ್ನು ಕಾಕಾನ ಹೆಂಡತಿ, ನಮ್ಮ ಕಾಕೂ, ಹೊರಗೆಳೆದು, ಅದರ ಜಾಗದಲ್ಲಿ ಜೋಳದ ಡಬ್ಬ ಇಟ್ಟರು.

ಎರಡು ವಾರದ ಮೇಲೆ ಬೆಳಿಗ್ಗೆ ಬೆಳಿಗ್ಗೆಯೇ ಕಾಕಾನ ಫೋನು. ರಾತ್ರಿ ಗುಡುಗು ಮಳೆ ಜೋರಾಗಿತ್ತಂತೆ, ಕರೆಂಟ್ ಏಳೆಂಟು ಸಲ ಹೋಗಿ ಬಂತಂತೆ.

"ತಮ್ಮಾ, ನಿನ್ನ ಡಬ್ಬಿ ಕೆಟ್ಟಿರಬೇಕು ನೋಡು."

"ಯಾಕೆ ಕಾಕಾ, ನೆಟ್ ಬರ್ತಿಲ್ಲೇನು?"

"ನೆಟ್ ಬರ್ತೈತಿ. ಆದ್ರ ರಾತ್ರಿಯೆಲ್ಲ ಒಮ್ಮೆನೂ ನನ್ನ ಎಬ್ಬಿಸ್ಲಿಲ್ಲ."